ಬನಿಯಾಸಿನಲ್ಲೊಂದು ಪ್ಲಿಮತ್

ಕರಾಮ

ದುಬಾಯಿಗೆ ಹೋಗಿ ಬಂದವರನ್ನು ಊರಿನಲ್ಲಿ ಎಲ್ಲರೂ ಕೇಳುವುದು ಒಂದೇ: ಆ ಎತ್ತರದ ಕಟ್ಟಡದ ತುದಿಗೆ ಹತ್ತಿದಿರಾ? ನಾನು ಹತ್ತಲಿಲ್ಲ. ಮಗಳು ಟಿಕೆಟ್ ತೆಗೆಯುತ್ತೇನೆ ಎಂದಳು, ನಾನೇ ಬೇಡ ಎಂದೆ. ಬದುಕಿಡೀ ಗಾಡಿಯ ಅಡಿಯಲ್ಲಿ ಮಲಗಿ ಮೇಲೆ ನೋಡಿದವನು ನಾನು. ಮೇಲೆ ಹತ್ತಿ ಕೆಳಗೆ ನೋಡುವ ಆಸೆ ನನಗೆ ಅಷ್ಟಾಗಿ ಇಲ್ಲ.

ಬಂಟ್ವಾಳದ ಹತ್ತಿರ ನನ್ನದೊಂದು ಗ್ಯಾರೇಜ್ ಇದೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಮಂಗಳೂರಿನಲ್ಲಿ ಗಾಡಿ ರಿಪೇರಿಯ ಒಬ್ಬ ಉಸ್ತಾದರ ಕೈಕೆಳಗೆ ಸೇರಿದೆ. ಆಮೇಲೆ ಯಾರ ಮುಂದೆಯೂ ಕೈಯೊಡ್ಡದೆ ಈ ಗ್ಯಾರೇಜ್ ಕಟ್ಟಿದೆ. ಅದರ ದುಡಿಮೆಯಲ್ಲೇ ಮಗಳು ಶೈಲಾ ನರ್ಸಿಂಗ್ ಓದಿದಳು. ಈಗ ಅವಳು, ಅಳಿಯ, ಮೊಮ್ಮಗಳು ದುಬಾಯಿಯ ಕರಾಮದ ಒಂದು ಹಳೆಯ ಫ್ಲ್ಯಾಟಿನಲ್ಲಿದ್ದಾರೆ. "ಅಪ್ಪ, ಒಂದು ತಿಂಗಳಾದ್ರೂ ಬಂದು ಸುಮ್ಮನೆ ಕೂತುಕೊಳ್ಳಿ" ಎಂದು ವಿಸಿಟ್ ವೀಸಾ ಕಳಿಸಿದಳು. ಸುಮ್ಮನೆ ಕೂರುವುದು ನನಗೆ ಬಾರದ ವಿದ್ಯೆ ಎಂದು ಅವಳಿಗೂ ಗೊತ್ತಿತ್ತು. ಬಂದ ದಿನವೇ ಎಚ್ಚರಿಕೆ ಕೊಟ್ಟಳು.

"ವಿಸಿಟ್ ವೀಸಾದಲ್ಲಿ ಕೆಲಸ ಮಾಡ್ಲಿಕ್ಕಿಲ್ಲ, ಗೊತ್ತುಂಟಲ್ಲ? ಯಾರಾದ್ರೂ ಬಾನೆಟ್ ತೆಗ್ದು ನಿಂತದ್ದು ಕಂಡ್ರೆ ನೀವು ಹತ್ತಿರ ಹೋಗ್ಬಾರ್ದು."

"ನೋಡ್ಲಿಕ್ಕೂ ಇಲ್ವಾ?"

"ನೋಡಿ. ಕೈ ಎರಡೂ ಕಿಸೆಯಲ್ಲಿ ಇರ್ಲಿ."

ಕರಾಮದಲ್ಲಿ ಇದ್ದಷ್ಟು ದಿನ ಊರು ಬಿಟ್ಟು ಬಂದಿದ್ದೇನೆ ಎಂದೇ ಅನಿಸಲಿಲ್ಲ. ಬೆಳಿಗ್ಗೆ ಕೆಳಗಿನ ಹೋಟೆಲಿನಿಂದ ಸಾಂಬಾರಿನ ಪರಿಮಳ, ಮೆಟ್ಟಿಲಿನಲ್ಲಿ ಕೊಂಕಣಿ, ಲಿಫ್ಟಿನಲ್ಲಿ ಮಲಯಾಳ, ಬಸ್ ಸ್ಟಾಪಿನಲ್ಲಿ ತುಳು. ಆದರೆ ಕಟ್ಟಡದ ಹಿಂದಿನ ಪಾರ್ಕಿಂಗಿಗೆ ಇಳಿದರೆ ಬೇರೆಯೇ ಲೋಕ. ನಾನು ದಿನಾ ಬೆಳಿಗ್ಗೆ ಅಲ್ಲಿ ಸುತ್ತು ಹಾಕುತ್ತಿದ್ದೆ. ಜನರು ಸಮುದ್ರ ನೋಡಲು ಹೋಗುವ ಹಾಗೆ ನಾನು ಗಾಡಿ ನೋಡಲು ಹೋಗುವುದು.

ಮೊದಲು ಕಣ್ಣಿಗೆ ಬಿದ್ದದ್ದು ತುಕ್ಕು ಇಲ್ಲದಿರುವುದು. ನಮ್ಮ ಕರಾವಳಿಯಲ್ಲಿ ಹತ್ತು ಮಳೆಗಾಲ ಕಂಡ ಗಾಡಿಯ ನೆಲಕ್ಕೆ ಕಾಲಿಟ್ಟರೆ ರಸ್ತೆ ಕಾಣುತ್ತದೆ. ಇಲ್ಲಿ ಇಪ್ಪತ್ತು ವರ್ಷ ಹಳೆಯ ವ್ಯಾನಿನ ಬಾಗಿಲ ಅಂಚಿಗೆ ಬೆರಳಾಡಿಸಿದರೂ ಕಬ್ಬಿಣ ಗಟ್ಟಿ. ಆದರೆ ವೈಪರ್ ಮುಟ್ಟಿದೆ, ರಬ್ಬರು ಬಿಸ್ಕತ್ತಿನ ಹಾಗೆ ಪುಡಿಯಾಗಿ ಕೈಗೆ ಬಂತು. ಬೇಗ ಕೈಯನ್ನು ಕಿಸೆಗೆ ಹಾಕಿಕೊಂಡೆ. ಊರಿನಲ್ಲಿ ಗಾಡಿ ಅಡಿಯಿಂದ ಸಾಯುತ್ತದೆ, ಇಲ್ಲಿ ಮೇಲಿನಿಂದ.

ಇನ್ನೊಂದು ಅಭ್ಯಾಸ ನನಗೆ ಕೊನೆಯವರೆಗೂ ಜೀರ್ಣವಾಗಲಿಲ್ಲ. ಚಹಾದ ಅಂಗಡಿಯ ಮುಂದೆ ದೊಡ್ಡ ಗಾಡಿ ತಂದು ನಿಲ್ಲಿಸುತ್ತಾರೆ, ಒಮ್ಮೆ ಹಾರ್ನ್ ಹೊಡೆಯುತ್ತಾರೆ. ಒಳಗಿನಿಂದ ಒಬ್ಬ ಓಡಿ ಬಂದು ಕಿಟಕಿಯಲ್ಲಿ ಆರ್ಡರ್ ತೆಗೆದುಕೊಂಡು ಹೋಗುತ್ತಾನೆ. ಚಹಾ ಬಂದು, ಕುಡಿದು, ಲೋಟ ಎಸೆಯುವವರೆಗೂ ಎಂಜಿನ್ ಓಡುತ್ತಲೇ ಇರುತ್ತದೆ. ನಮ್ಮ ಬಂಟ್ವಾಳದ ಹೋಟೆಲಿನ ಎದುರು ಹಾಗೆ ಹಾರ್ನ್ ಹೊಡೆದರೆ ಭಟ್ಟರು ಹೊರಗೆ ಬಂದಾರು, ಆದರೆ ಕೈಯಲ್ಲಿ ಚಹಾ ಇರಲಾರದು.

ನಾನು ಪಾರ್ಕಿಂಗ್ ಸುತ್ತುತ್ತಿದ್ದುದು ಒಂದು ಆಸೆ ಇಟ್ಟುಕೊಂಡು. ಉಸ್ತಾದರ ಗ್ಯಾರೇಜಿಗೆ ನಾನು ಸೇರಿದ ಕಾಲದಲ್ಲಿ ಅಲ್ಲಿಗೆ ಬರುತ್ತಿದ್ದುದೆಲ್ಲ ಅಮೆರಿಕದ ಗಾಡಿಗಳು: ಪ್ಲಿಮತ್, ಡಾಜ್, ಸ್ಟುಡಿಬೇಕರ್, ಫಾರ್ಗೊ ಲಾರಿ. ಯಾರೋ ಧಣಿಗಳು ಹೊಸತರಲ್ಲಿ ತಂದಂಥವು, ಅವರ ಕಾಲ ಮುಗಿದ ಮೇಲೆ ಬಾಡಿಗೆಗೆ ಬಿದ್ದವು. ಮುಂದಿನ ಸೀಟಿನಲ್ಲಿ ಮೂವರು, ಹಿಂದೆ ಐವರು, ಮಕ್ಕಳು ಲೆಕ್ಕಕ್ಕೆ ಇಲ್ಲ. ಪ್ಲಿಮತ್ತಿನ ಮೂತಿಯಲ್ಲಿ ಒಂದು ಹಾಯಿ ಹಡಗಿನ ಗೊಂಬೆ ಇರುತ್ತಿತ್ತು. ಅದನ್ನು ಬೂದಿ ಹಾಕಿ ಉಜ್ಜಿ ಹೊಳೆಯಿಸುವುದು ನನ್ನ ಮೊದಲ ಕೆಲಸ. ಗಲ್ಫಿನಲ್ಲಿ ದುಡ್ಡು ಹೆಚ್ಚು, ಪೆಟ್ರೋಲ್ ಅವರದೇ, ಅಮೆರಿಕದ ಗಾಡಿ ಇಲ್ಲಿ ಸಾಲುಗಟ್ಟಿ ನಿಂತಿರಬಹುದು ಎಂದು ನಾನು ಊರಿನಲ್ಲಿ ಕೂತು ಎಣಿಸಿದ್ದೆ.

ಆ ಪಾರ್ಕಿಂಗಿನಲ್ಲಿ ಒಂದೂ ಇಲ್ಲ. ಜಪಾನ್, ಕೊರಿಯಾ, ಜರ್ಮನಿ, ಈಗ ಚೀನಾ. ಮೊಮ್ಮಗಳು ಒಂದು ದಿನ ಶಾಲೆಯ ಬಸ್ಸಿಗೆ ಕಾಯುತ್ತಾ ಕೇಳಿದಳು, "ಅಜ್ಜಾ, ವಾಟ್ ಆರ್ ಯು ಸರ್ಚಿಂಗ್?"

"ಪ್ಲಿಮತ್, ಮಗಾ."

"ಈಸ್ ಇಟ್ ಎ ಕ್ಯಾಟ್?"

ನೈಫ್

ಜಬ್ಬಾರ್ ಸಾಹೇಬರು ಭಟ್ಕಳದವರು. ಅವರ ಮಾವನ ಪ್ಲಿಮತ್ ಒಂದು ಕಾಲದಲ್ಲಿ ಭಟ್ಕಳದಿಂದ ಮಂಗಳೂರಿಗೆ ಬಾಡಿಗೆಗೆ ಓಡುತ್ತಿತ್ತು. ಅದಕ್ಕೆ ರೋಗ ಬಂದಾಗಲೆಲ್ಲ ನಮ್ಮ ಉಸ್ತಾದರ ಗ್ಯಾರೇಜೇ ಆಸ್ಪತ್ರೆ. ಆಗ ಸಾಹೇಬರು ಮೀಸೆ ಮೂಡದ ಹುಡುಗ, ನಾನೂ ಅಷ್ಟೇ. ಈಗ ದುಬಾಯಿಯ ನೈಫ್ ಪೇಟೆಯಲ್ಲಿ ಅವರದು ಗಾಡಿಯ ಬಿಡಿಭಾಗಗಳ ಅಂಗಡಿ. ಅಗಲ ಒಂದು ಬಾಗಿಲಿನಷ್ಟು, ಉದ್ದ ಒಂದು ಸುರಂಗದಷ್ಟು. ಮೆಟ್ರೊ ಇಳಿದು, ಸುಗಂಧದ ಅಂಗಡಿ, ಪಾತ್ರೆಯ ಅಂಗಡಿಗಳ ನಡುವೆ ಎರಡು ಸಲ ದಾರಿ ತಪ್ಪಿ ಅಲ್ಲಿಗೆ ಮುಟ್ಟಿದೆ.

"ಎಂತ ಆಚಾರ್ರೆ, ಇಲ್ಲಿಗೂ ಬಂದ್ರಾ? ಊರಲ್ಲಿ ರಿಪೇರಿ ಮಾಡ್ಲಿಕ್ಕೆ ಗಾಡಿ ಮುಗೀತಾ?"

"ಮುಗೀಲಿಲ್ಲ ಸಾಹೇಬ್ರೆ. ನೀವು ಮಾರಿದ ಪಾರ್ಟ್ ಹಾಕಿದ್ಮೇಲೆ ಮುಗಿಯುದುಂಟಾ? ವಾರಕ್ಕೊಮ್ಮೆ ವಾಪಸ್ ಬರ್ತದೆ."

ಅವರು ಹೊಟ್ಟೆ ಹಿಡಿದು ನಕ್ಕರು. ಚಹಾ ತರಿಸಿದರು. ಅವರ ಅಂಗಡಿಯ ಗೋಡೆಯ ಮೇಲಿನ ಕಪಾಟುಗಳಲ್ಲಿ ಡಬ್ಬಿಗಳು, ಡಬ್ಬಿಗಳ ಮೇಲೆ ಗಾಡಿಗಳ ಹೆಸರು. ನಾನು ಕುತ್ತಿಗೆ ಎತ್ತಿ ಓದುತ್ತಾ ಹೋದೆ. ಎಲ್ಲಕ್ಕಿಂತ ಮೇಲೆ, ಏಣಿ ಹಾಕಿದರೆ ಮಾತ್ರ ಸಿಗುವಲ್ಲಿ, ಧೂಳು ಮುಚ್ಚಿದ ಒಂದು ಸಾಲು: ಓಲ್ಡ್ಸ್‌ಮೊಬೈಲ್, ಪಾಂಟಿಯಾಕ್, ಪ್ಲಿಮತ್.

"ಅದು ಯಾಕೆ ಅಷ್ಟು ಮೇಲೆ?"

"ಯಾರೂ ಕೇಳುದಿಲ್ಲ ಅದಕ್ಕೆ. ಆ ಹೆಸರೆಲ್ಲ ಖಲಾಸ್ ಆಚಾರ್ರೆ."

"ಖಲಾಸ್ ಅಂದ್ರೆ?"

"ಅಂದ್ರೆ ಆ ಹೆಸರಲ್ಲಿ ಈಗ ಗಾಡಿಯೇ ಮಾಡುದಿಲ್ಲ. ನಿಲ್ಸಿ ಎಷ್ಟು ವರ್ಷ ಆಯ್ತು. ನಿಮ್ಗೆ ಗೊತ್ತಿಲ್ವಾ?"

ನಿಜಕ್ಕೂ ಗೊತ್ತಿರಲಿಲ್ಲ. ನಮ್ಮಲ್ಲಿಗೆ ಬರುವುದು ನಿಂತಿತು, ಅಲ್ಲಿ ಅಮೆರಿಕದಲ್ಲಿ ಹೊಸ ಹೊಸ ಪ್ಲಿಮತ್ ಬರುತ್ತಲೇ ಇದೆ ಎಂದೇ ನಾನು ತಿಳಿದಿದ್ದೆ. ದೂರದ ಊರಿನ ನೆಂಟರು ಚೆನ್ನಾಗಿದ್ದಾರೆ ಎಂದು ನಾವು ಎಣಿಸಿಕೊಂಡಿರುತ್ತೇವಲ್ಲ, ಹಾಗೆ. ಕೈಯಲ್ಲಿದ್ದ ಚಹಾ ಆರಿತು. ಸಾಹೇಬರಿಗೆ ಪಾಪ ಅನಿಸಿರಬೇಕು.

"ಒಂದು ಪ್ಲಿಮತ್ ಉಂಟು, ನೋಡ್ತೀರಾ? ಅಬುಧಾಬಿ ಸೈಡು, ಬನಿಯಾಸ್ ದಾಟಿ ಒಂದು ತೋಟದಲ್ಲಿ. ಓನರ್ ನಮ್ಮ ಹಳೇ ಗಿರಾಕಿ. ಶುಕ್ರವಾರ ಬನ್ನಿ, ಕರ್ಕೊಂಡು ಹೋಗ್ತೇನೆ."

ಬನಿಯಾಸ್

ಅಬುಧಾಬಿಯ ರಸ್ತೆ ಅಷ್ಟಗಲ, ಅಷ್ಟು ನೇರ. ಸಾಹೇಬರು ಪಿಕಪ್ ಓಡಿಸುತ್ತಾ ಒಂದು ಸಲವೂ ಹಾರ್ನ್ ಮುಟ್ಟಲಿಲ್ಲ. ಊರಿನಲ್ಲಿ ಹಾರ್ನ್ ಕೆಟ್ಟರೆ ಗಾಡಿ ಶೆಡ್ಡಿನಿಂದ ಹೊರಗೆ ಬರುವುದಿಲ್ಲ, ಇಲ್ಲಿ ಕೆಟ್ಟದ್ದು ಗೊತ್ತಾಗಲು ವರ್ಷ ಬೇಕು. ಬನಿಯಾಸ್ ಬಂತು, ಮನೆಗಳು, ಅಂಗಡಿಗಳು, ಮಸೀದಿ. ಅದನ್ನು ದಾಟಿ ಮರಳಿನ ದಾರಿಗೆ ಇಳಿದೆವು. ಖರ್ಜೂರದ ಮರಗಳ ಸಾಲು, ಆಡುಗಳ ದೊಡ್ಡಿ, ಕೂರಲು ಒಂದು ಉದ್ದನೆಯ ಕೋಣೆ.

ಯಜಮಾನರನ್ನು ಎಲ್ಲರೂ ಅಬು ಹಮದ್ ಎನ್ನುತ್ತಾರೆ, ಅಂದರೆ ಹಮದನ ಅಪ್ಪ. ಸ್ವಂತ ಹೆಸರು ಬೇರೆ ಇದೆಯಂತೆ, ಯಾರೂ ಕರೆಯುವುದಿಲ್ಲ. ನನ್ನ ತಾಯಿ ಬದುಕಿದ್ದಷ್ಟು ದಿನ ನನ್ನ ತಂದೆಯನ್ನು 'ದಾಮುವಿನ ಅಪ್ಪ' ಎಂದೇ ಕರೆದದ್ದು, ದಾಮು ಎಂದರೆ ನಾನು. ಮರಳುಗಾಡಿನಲ್ಲಿ ಬಂದು ಅದನ್ನೇ ಕೇಳಿದಾಗ ವಿಚಿತ್ರ ಸಂತೋಷವಾಯಿತು. ಎತ್ತರದ ಆಳು, ಬಿಳಿ ಗಡ್ಡ. ಅವರದು ಅರಬರ ಹಿಂದಿ, ನನ್ನದು ಗ್ಯಾರೇಜ್ ಹಿಂದಿ. ಎರಡರಲ್ಲೂ ವ್ಯಾಕರಣ ಇಲ್ಲದ ಕಾರಣ ನಮಗೆ ಒಳ್ಳೆಯ ಹೊಂದಾಣಿಕೆಯಾಯಿತು.

ಕೈ ಕುಲುಕಲು ಅವರು ಸ್ವಲ್ಪ ಪಕ್ಕಕ್ಕೆ ಕೈ ಚಾಚಿದರು. ಸಾಹೇಬರು ನನ್ನ ಕಿವಿಯಲ್ಲಿ, "ಕಣ್ಣು ಹೋಗ್ತಾ ಉಂಟು ಅವರಿಗೆ. ಅಕ್ಕಪಕ್ಕದ್ದು ಆಗ್ಲೇ ಹೋಗಿದೆ, ಎದುರಿಂದು ಮಾತ್ರ ಕಾಣುದು. ಅದೂ ಇನ್ನು ಸ್ವಲ್ಪ ಸಮಯ ಅಂತ ಡಾಕ್ಟರ್ ಹೇಳಿದ್ದಾರೆ" ಎಂದರು.

ಕಾಫಿ ಮುಗಿಸಿ ಗಾಡಿಯ ಹತ್ತಿರ ಹೋದೆವು. ಓಲೆಯ ಮಾಡಿನ ಕೆಳಗೆ ಅದು ಮಲಗಿತ್ತು. ತಿಳಿ ಹಸಿರು ಬಣ್ಣ, ನಮ್ಮ ಮೀನಿನ ದೋಣಿಯಷ್ಟು ಉದ್ದ. ಊರಿನಲ್ಲಿ ನಾನು ಕಂಡದ್ದಕ್ಕಿಂತ ತುಂಬಾ ಈಚಿನದು. ಮೂತಿಯಲ್ಲಿ ಹಡಗು ಇಲ್ಲ, ಬರೀ ಅಕ್ಷರ. ಆದರೂ ಅಕ್ಷರಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿದೆ. ಬಾಗಿಲು ತೆಗೆದು ಹಾಕಿದೆ. ಆ ಸದ್ದು! ಈಗಿನ ಗಾಡಿಯ ಬಾಗಿಲು ಡಬ್ಬಿಯ ಮುಚ್ಚಳದ ಹಾಗೆ ಸದ್ದು ಮಾಡುತ್ತದೆ, ಇದು ಬ್ಯಾಂಕಿನ ಬಾಗಿಲಿನ ಹಾಗೆ. ಡ್ಯಾಶ್‌ಬೋರ್ಡ್ ಮಾತ್ರ ಬೇಸಗೆಯ ಗದ್ದೆಯಂತೆ ಬಿರುಕು ಬಿಟ್ಟಿತ್ತು.

ಅಷ್ಟರಲ್ಲಿ ಹಮದ್ ಬಂದ. ನಲವತ್ತರ ಆಸುಪಾಸು, ಸರ್ಕಾರಿ ಕಚೇರಿಯಲ್ಲಿ ದೊಡ್ಡ ಕೆಲಸ, ಇಂಗ್ಲಿಷ್ ಮಾತು. ಗಾಡಿಯ ವಿಷಯ ಅವನ ಬಾಯಿಯಿಂದಲೇ ತಿಳಿಯಿತು. ಎಂಜಿನ್ ಜಾಮ್ ಆಗಿ ಎಷ್ಟೋ ವರ್ಷ. ಅದೇ ನಮೂನೆಯ ಎಂಜಿನ್ ಅಮೆರಿಕದಿಂದಲೇ ಬರಬೇಕು ಎಂದು ಅವನು ಕಾಯುತ್ತಿದ್ದಾನೆ. ಸಿಕ್ಕಿದ್ದು ಸರಿಯಿಲ್ಲ, ಸರಿಯಿದ್ದದ್ದು ಸಿಗುವುದಿಲ್ಲ. ಇತ್ತ ಅಪ್ಪನಿಗೆ ಒಂದೇ ಹಟ: ಎದುರಿನದು ಕಾಣುವಷ್ಟು ದಿನದೊಳಗೆ ಈ ಗಾಡಿಯನ್ನು ಒಂದು ಸಲ ತಾನೇ ಓಡಿಸಬೇಕು. ಹೊಸ ಗಾಡಿ ಹತ್ತು ಇವೆ, ಅದು ಬೇಡ. ಹೆಂಡತಿಯನ್ನು ಮದುವೆಯಾಗಿ ಕರೆತಂದದ್ದು ಇದರಲ್ಲಿ, ಹಮದನನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದೂ ಇದರಲ್ಲಿ.

ನನಗೆ ಇದೊಂದು ಸಮಸ್ಯೆಯಾಗಿಯೇ ಕಾಣಲಿಲ್ಲ. ನಮ್ಮಲ್ಲಿ ಪೆಟ್ರೋಲಿನ ಬೆಲೆ ಏರಿದಾಗ ಈ ಅಮೆರಿಕದ ಗಾಡಿಗಳ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸುವ ಕೆಲಸ ಶುರುವಾಯಿತು. ಉಸ್ತಾದರು ಅದರಲ್ಲಿ ಹೆಸರುವಾಸಿ, ಅವರ ನಂತರ ನಾನು. ಎಂಜಿನ್ ಕೂರುವ ಅಡ್ಡಪಟ್ಟಿ ಕೊಯ್ಯುವುದು, ಹೊಸ ಮೌಂಟಿಂಗ್ ವೆಲ್ಡ್ ಮಾಡುವುದು, ಗೇರ್‌ಬಾಕ್ಸಿಗೆ ನಡುವೆ ಲೇತಿನಲ್ಲಿ ಒಂದು ತಟ್ಟೆ ಕಡೆಸಿ ಜೋಡಿಸುವುದು. ಜಬ್ಬಾರ್ ಸಾಹೇಬರ ಮಾವನ ಗಾಡಿಯೂ ಹಾಗೆಯೇ ಇನ್ನೊಂದು ಜನ್ಮ ಓಡಿತು.

"ಎಂಜಿನ್ ಎಲ್ಲಿ ಹುಡುಕ್ತೀರಿ? ಒಂದು ವ್ಯಾನಿನ ಡೀಸೆಲ್ ಹಾಕಿ ಬಿಡಿ. ಇಲ್ಲಿಯ ಯಾವ ಗ್ಯಾರೇಜಿನವನಾದ್ರೂ ಸರಿ, ನಾನು ಪಕ್ಕದಲ್ಲಿ ನಿಂತು ಹೇಳ್ತೇನೆ. ಎಂಟು ದಿವಸ ಸಾಕು."

ಸಾಹೇಬರು ನನ್ನ ಮುಖ ನೋಡಿದರು. "ಇದನ್ನು ಹೇಳ್ಬೇಕಾ?"

"ಹೇಳಿ."

ಅವರು ಇಂಗ್ಲಿಷಿನಲ್ಲಿ ಹೇಳಿದರು. ಹಮದ್ ಮೆಲ್ಲಗೆ ಹೋಗಿ ಬಾನೆಟ್ಟಿನ ಮೇಲೆ ಕೈಯಿಟ್ಟ, ಗಾಡಿಗೆ ಕೇಳಿಸಬಾರದು ಎನ್ನುವ ಹಾಗೆ. ಆಮೇಲೆ ಹೇಳಿದ್ದನ್ನು ಸಾಹೇಬರು ತಂದು ನನಗೆ ಒಪ್ಪಿಸಿದರು: ಈ ಹೆಸರಿನ ಗಾಡಿಯನ್ನು ಇನ್ನು ಜಗತ್ತಿನಲ್ಲಿ ಯಾರೂ ಮಾಡುವುದಿಲ್ಲ. ಇರುವುದನ್ನು ಕೊಯ್ದರೆ, ಕೊಯ್ದವನು ನಾನಾಗುತ್ತೇನೆ. ನಿಮ್ಮ ಕಡೆ ಡೀಸೆಲ್ ಹಾಕಿದ ಆ ಗಾಡಿಗಳು ಈಗ ಎಲ್ಲಿವೆ, ಕೇಳಿ.

ಎಲ್ಲಿವೆ? ಓಡಿದವು, ಓಡಿ ಓಡಿ ಗುಜರಿಗೆ ಹೋದವು. ಒಂದೂ ಉಳಿದಿಲ್ಲ. ಹಾಗೆಂದು ನಾನು ತಲೆ ತಗ್ಗಿಸಲಿಲ್ಲ. ಆ ಗಾಡಿಗಳಿಂದ ಡ್ರೈವರುಗಳ ಮನೆಯಲ್ಲಿ ಅನ್ನ ಬೆಂದಿದೆ, ದಿಬ್ಬಣಗಳು ಹೊತ್ತಿಗೆ ಸರಿಯಾಗಿ ಮುಟ್ಟಿವೆ. ನಿಂತ ಗಾಡಿಗೆ ನಾವು ಮರ್ಯಾದೆ ಕೊಟ್ಟವರಲ್ಲ, ಓಡುವುದಕ್ಕೆ ಕೊಟ್ಟವರು. ಹಾಗೆಯೇ ಹೇಳಿದೆ. ಆದರೆ ಅವನ ಮಾತೂ ನನ್ನೊಳಗೆ ಎಲ್ಲೋ ಸಿಕ್ಕಿಕೊಂಡಿತು.

ನಗು ಬಂದದ್ದು ಮುದುಕರಿಗೆ. "ಡೀಸೆಲ್? ಚಲೇಗಾ?"

"ಚಲೇಗಾ ಬಾಬಾ. ಆವಾಜ್ ಕರೇಗಾ, ಲೇಕಿನ್ ಚಲೇಗಾ." ಸದ್ದು ಮಾಡುತ್ತದೆ, ಆದರೆ ಓಡುತ್ತದೆ.

ಅವರು ಗಡ್ಡ ಕುಣಿಸಿ ನಕ್ಕರು, ಮಗನಿಗೆ ಅರಬಿಯಲ್ಲಿ ಏನೋ ಅಂದರು. ಮಗ ಒಂದೇ ಮಾತಿನಲ್ಲಿ ಉತ್ತರ ಕೊಟ್ಟ. ನಗು ನಿಂತಿತು.

ಹಮದ್ ನಮ್ಮನ್ನು ತೋಟದ ಇನ್ನೊಂದು ತುದಿಗೆ ಕರೆದುಕೊಂಡು ಹೋಗಿ ಹೊಸದಾಗಿ ಕಟ್ಟಿಸಿದ ಶೆಡ್ ತೋರಿಸಿದ. ಬಿಳಿ ಗೋಡೆ, ಎಸಿ, ಎದುರಿಗೆ ಇಡೀ ಗಾಜು. ಪ್ಲಿಮತ್ತಿಗಾಗಿಯೇ ಕಟ್ಟಿಸಿದ್ದು. ಬಿಸಿಲಿನಲ್ಲಿ ಇನ್ನೊಂದು ಬೇಸಗೆ ಕಳೆದರೆ ಉಳಿದದ್ದೂ ಪುಡಿಯಾಗುತ್ತದೆ, ಅದು ನಿಜವೇ. ಮುಂದಿನ ವಾರ ಗಾಡಿ ಹೊರುವ ಲಾರಿ ಬಂದು ಇದನ್ನು ಎತ್ತಿ ತಂದು ಒಳಗಿಡುತ್ತದೆ ಎಂದ. ಅಂಥ ಲಾರಿಯನ್ನು ಇಲ್ಲಿ ರಿಕವರಿ ಎನ್ನುತ್ತಾರೆ.

ನಾವು ಹೊರಡುವಾಗ ಅಬು ಹಮದ್ ನನ್ನ ಭುಜ ಹಿಡಿದು ಪಕ್ಕಕ್ಕೆ ಕರೆದರು. ತಮ್ಮ ಹಿಂದಿಯಲ್ಲಿ ಹೇಳಿದರು: "ಅಂದರ್ ಗಯಾ, ಖಲಾಸ್. ಬಾದ್ ಮೇ ಸಿರ್ಫ್ ದೇಖನೇ ಕಾ." ಒಳಗೆ ಹೋದರೆ ಮುಗಿಯಿತು, ಮತ್ತೆ ನೋಡುವುದು ಮಾತ್ರ. ಹೇಳಿ, ಎರಡು ಬೆರಳು ತಮ್ಮ ಕಣ್ಣಿನ ಕಡೆ ತೋರಿಸಿ, ಇಲ್ಲ ಎಂದು ಕೈಯಾಡಿಸಿದರು.

ನಾನು ವಾಪಸ್ ಹೋಗಿ ಪ್ಲಿಮತ್ತಿನ ಬಾಗಿಲು ತೆಗೆದು ಬ್ರೇಕ್ ಒತ್ತಿದೆ. ಪೆಡಲ್ ನೆಲಕ್ಕೆ ಮುಟ್ಟಿತು. "ಬ್ರೇಕೇ ಇಲ್ಲದ ಗಾಡಿಯನ್ನು ಗಾಜಿನ ಎದುರು ಹೇಗೆ ತಂದು ನಿಲ್ಲಿಸ್ತೀರಿ?" ಎಂದು ಸಾಹೇಬರ ಮೂಲಕ ಹಮದನನ್ನು ಕೇಳಿದೆ. ಅವನು ಯೋಚಿಸಿದ. "ಎಂತದೂ ಕೊಯ್ಯುದಿಲ್ಲ. ಒಳಗಿನ ರಬ್ಬರ್ ಮಾತ್ರ ಹೊಸತು" ಎಂದೆ ನಾನು. ಅವನು ಒಪ್ಪಿದ. ಆಗ ನನ್ನ ತಲೆಯಲ್ಲಿ ಬ್ರೇಕ್ ಒಂದೇ ಇತ್ತು ಎಂದು ಬರೆದರೆ ಅದು ಪೂರ್ತಿ ನಿಜವಾಗಲಾರದು.

ಮತ್ತೆ ನೈಫ್

ಚಕ್ರದೊಳಗೆ ಬ್ರೇಕ್ ಎಣ್ಣೆಯನ್ನು ಹಿಡಿದಿಡುವ ಸಣ್ಣ ರಬ್ಬರ್ ಬಟ್ಟಲುಗಳು ಇರುತ್ತವೆ. ಹಮದ್ ಒಂದು ಚಕ್ರ ಬಿಚ್ಚಿಸಿ ಹಳೆಯದನ್ನು ಕಳಿಸಿಕೊಟ್ಟಿದ್ದ. ಅದನ್ನು ಕಾಗದದಲ್ಲಿ ಸುತ್ತಿ ಸಾಹೇಬರು ಅಂಗಡಿಯ ಮೇಜಿನ ಮೇಲೆ ಇಟ್ಟರು. ಏಣಿ ಹತ್ತಿ ಪ್ಲಿಮತ್ ಡಬ್ಬಿ ಇಳಿಸಿದರೆ, ಒಳಗಿನ ರಬ್ಬರ್ ಮುಟ್ಟಿದ ಕೂಡಲೇ ಎರಡು ಹೋಳು.

"ನೋಡಿ, ಡಬ್ಬಿ ಒಳಗೇ ಮುದಿಯಾಗಿದೆ" ಎಂದರು ಸಾಹೇಬರು.

"ಮಾರದೆ ಇಟ್ಟುಕೊಂಡ್ರೆ ಹಾಗೇ ಆಗುದು. ಹೆಸರು ಬಿಡಿ, ಅಳತೆ ನೋಡಿ. ಇದೇ ಅಳತೆಯದ್ದು ಬೇರೆ ಯಾವುದಕ್ಕೆ ಬರ್ತದೆ?"

ಊರಿನಲ್ಲಿ ನಾವು ಯಾವತ್ತೂ ಮಾಡುವುದು ಹಾಗೆಯೇ. ಗಿರಾಕಿ ಗಾಡಿಯ ಹೆಸರು ಹೇಳುತ್ತಾನೆ, ನಾವು ಹಳೆಯ ಪಾರ್ಟನ್ನು ಕಿಸೆಯಲ್ಲಿ ಹಾಕಿಕೊಂಡು ಅಂಗಡಿ ಅಂಗಡಿಗೆ ಹೋಗುತ್ತೇವೆ. ಸಾಹೇಬರು ಡಬ್ಬಿಯ ಮೇಲೆ ಡಬ್ಬಿ ತೆಗೆದರು. ನೆರೆಯ ಅಂಗಡಿಯ ಮಲಯಾಳಿ ಬಂದ, ಆಚೆಯ ಅಂಗಡಿಯ ಪಠಾಣ ಬಂದ. ಎಲ್ಲರೂ ಆ ಹಳೆಯ ರಬ್ಬರನ್ನು ಬೆಳಕಿಗೆ ಹಿಡಿದು, ತಿರುಗಿಸಿ, ತಮ್ಮ ತಮ್ಮ ಭಾಷೆಯಲ್ಲಿ ಅಭಿಪ್ರಾಯ ಕೊಟ್ಟರು. ಕೊನೆಗೆ ಪಠಾಣನೇ ಹೋಗಿ, ಜಪಾನಿನ ಯಾವುದೋ ಸಣ್ಣ ಲಾರಿಯ ರಬ್ಬರ್ ತಂದು ಮೇಜಿಗೆ ಕುಕ್ಕಿದ. ಎರಡನ್ನೂ ಒಂದರೊಳಗೊಂದು ಕೂರಿಸಿ ನೋಡಿದೆ. ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

"ಹಮದ್‌ಗೆ ಹೇಳುದಾ, ಇದು ಜಪಾನಿಂದು ಅಂತ?" ಸಾಹೇಬರು ಕೇಳಿದರು.

"ಹೇಳಿ. ಕದ್ದು ಹಾಕುವ ಅಭ್ಯಾಸ ನನಗಿಲ್ಲ."

ಅವರು ಅಲ್ಲೇ ಫೋನ್ ಮಾಡಿ ಹೇಳಿದರು. ಆ ಕಡೆಯಿಂದ ಒಂದು ನಿಟ್ಟುಸಿರು, "ಓಕೆ". ಹೊರಗೆ ಕಾಣುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಿರಬೇಕು.

ಮನೆಯಲ್ಲಿ ಶೈಲಾ ನನ್ನ ಅಂಗಿಯ ಕಿಸೆ ಮೂಸಿ ನೋಡಿದಳು. "ಅಪ್ಪ, ಗ್ರೀಸ್ ವಾಸನೆ."

"ಅಂಗಡಿಯಲ್ಲಿ ಕೂತಿದ್ದೆ ಮಗಾ. ಬರೀ ಕೂತಿದ್ದೆ."

"ನೀವು ಕೂತದ್ದಕ್ಕೆ ಸಾಕ್ಷಿ ಯಾರು?"

ತೋಟ

ಬ್ರೇಕ್ ಜೋಡಿಸುವ ದಿನ ನನಗೆ ಮಾಡಿನ ನೆರಳಿನಲ್ಲಿ ಕುರ್ಚಿ ಹಾಕಿಸಿದ್ದರು. ಅತಿಥಿ ಸ್ಪ್ಯಾನರ್ ಹಿಡಿಯುವುದು ಆ ಮನೆಗೆ ಅವಮಾನವಂತೆ. ಅತ್ತ ಮಗಳು ಹಾಕಿದ ವೀಸಾದ ಹೆದರಿಕೆ ಬೇರೆ. ಹಾಗಾಗಿ ಪ್ಲಿಮತ್ತಿನ ಅಡಿಗೆ ಹೋದದ್ದು ಬಿಳಿ ಅಂಗಿಯ ಜಬ್ಬಾರ್ ಸಾಹೇಬರು.

"ಸಾಹೇಬ್ರೆ, ಬದುಕಿಡೀ ಸ್ಪ್ಯಾನರ್ ಮಾರಿದ್ರಿ, ಹಿಡಿದದ್ದು ಇವತ್ತಾ?"

"ಮಾತಾಡ್ಬೇಡಿ ಆಚಾರ್ರೆ. ಎಡಕ್ಕಾ, ಬಲಕ್ಕಾ ಹೇಳಿ."

"ಎಡಕ್ಕೆ. ನಿಮ್ಮ ಎಡ ಅಲ್ಲ, ಗಾಡಿದು."

"ನಾನು ಮಲಗಿದ್ದೇನೆ, ನನ್ನದು ಯಾವುದು ಅಂತಲೇ ಗೊತ್ತಾಗುದಿಲ್ಲ!"

ಕೈ ಕಿಸೆಯಲ್ಲಿ ಇಟ್ಟುಕೊಂಡು ಬರೀ ಬಾಯಿಂದ ಕೆಲಸ ಮಾಡಿಸುವುದು ಎಂಥ ಶಿಕ್ಷೆ ಎಂದು ಅವತ್ತು ತಿಳಿಯಿತು. ಕೊನೆಗೆ ಬ್ರೇಕ್ ಪೈಪಿನ ಗಾಳಿ ತೆಗೆಯುವ ಹೊತ್ತು ಬಂತು. ಒಬ್ಬರು ಒಳಗೆ ಕೂತು ಪೆಡಲ್ ತುಳಿಯಬೇಕು, ಇನ್ನೊಬ್ಬರು ಅಡಿಯಲ್ಲಿ ನಟ್ಟು ಸಡಿಲಿಸಿ ಗಾಳಿ ಬಿಡಬೇಕು. ನಾನು ಅಬು ಹಮದರನ್ನು ಕರೆದೆ. ಅವರು ಚಪ್ಪಲಿ ಕಳಚಿ ಬರಿಗಾಲಿನಲ್ಲಿ ಡ್ರೈವರ್ ಸೀಟಿಗೆ ಏರಿದರು. ನಾನು "ದಬಾವ್" ಅಂದರೆ ತುಳಿಯುವರು, "ಛೋಡೋ" ಅಂದರೆ ಬಿಡುವರು. ಮೊದಲು ಪೆಡಲ್ ಕೆಳಗೆ ಹೋಗುತ್ತಲೇ ಇತ್ತು. ಆಮೇಲೆ ಒಂದು ಸಲ ಅರ್ಧದಲ್ಲೇ ನಿಂತಿತು. ಮುದುಕರು ನನ್ನನ್ನು ನೋಡಿದರು. ಮತ್ತೆ ತುಳಿದರು, ಮತ್ತೆ ನಿಂತಿತು. ನಾನು ಮುಗಿಯಿತು ಎಂದರೂ ಅವರು ಕಾಲು ತೆಗೆಯಲಿಲ್ಲ.

ಹಮದ್ ಫೋನ್ ತೆಗೆದ, ರಿಕವರಿ ಲಾರಿಗೆ ಮಾಡಲು.

"ಇಷ್ಟೇ ದೂರಕ್ಕೆ ಲಾರಿಯಾ?" ಎಂದೆ. "ಹಗ್ಗ ಇಲ್ವಾ?"

ಸಾಹೇಬರು ಕೈ ಒರೆಸಿಕೊಳ್ಳುತ್ತಾ ಅವನಿಗೆ ಹೇಳಿದರು. ಇಲ್ಲಿ ರಸ್ತೆಯಲ್ಲಿ ಹಗ್ಗ ಕಟ್ಟಿ ಎಳೆಯುವ ಹಾಗಿಲ್ಲ ಎಂದ ಅವನು.

"ಇದು ರಸ್ತೆ ಅಲ್ವಲ್ಲ, ಅವರ ತೋಟ. ನಮ್ಮ ಗ್ಯಾರೇಜಿಗೆ ಕೆಟ್ಟ ಗಾಡಿ ಎಲ್ಲ ಬರುದು ಹಗ್ಗದಲ್ಲೇ. ಮುಂದಿನ ಗಾಡಿ ಯಾರೂ ಓಡಿಸ್ಬಹುದು. ಎಳೆಸಿಕೊಂಡು ಬರುವ ಗಾಡಿಯಲ್ಲಿ ಮಾತ್ರ ಓನರೇ ಕೂರ್ಬೇಕು, ಅದರ ಬ್ರೇಕಿನ ಗುಣ ಅವನಿಗೇ ಗೊತ್ತಿರುದು. ಇದು ನಮ್ಮಲ್ಲಿಯ ಕ್ರಮ."

ಹಮದನ ಮುಖ ಬದಲಾಯಿತು. ಅವನಿಗೆ ಅರ್ಥವಾಗಿತ್ತು. ಅಪ್ಪನನ್ನು ನೋಡಿದ, ನನ್ನನ್ನು ನೋಡಿದ. "ಹಿ ಕ್ಯಾನಾಟ್ ಸೀ" ಎಂದ. ಅಷ್ಟು ಇಂಗ್ಲಿಷ್ ನನಗೂ ಬರುತ್ತದೆ.

"ಎಳೆಸಿಕೊಳ್ಳುವವ ದಾರಿ ನೋಡುದಲ್ಲ, ಹಗ್ಗ ನೋಡುದು. ಹಗ್ಗ ಸಡಿಲಾದ್ರೆ ಬ್ರೇಕ್, ಬಿಗಿಯಾದ್ರೆ ಬಿಡುದು. ಅದು ನೆಟ್ಟಗೆ ಎದುರಿಗೇ ಇರ್ತದೆ. ಎದುರಿಂದು ಅವರಿಗೆ ಕಾಣ್ತದಲ್ಲ?"

ಸಾಹೇಬರು ಇದನ್ನು ಅರಬಿಯಲ್ಲೇ ಹೇಳಿದರು, ಮುದುಕರಿಗೂ ಕೇಳಲಿ ಎಂದು. ದೊಡ್ಡಿಯಲ್ಲಿ ಆಡುಗಳು ಅರಚುತ್ತಿದ್ದವು. ಅಬು ಹಮದ್ ಸೀಟಿನಿಂದ ಇಳಿಯುವ ಲಕ್ಷಣ ತೋರಿಸಲಿಲ್ಲ, ಎರಡೂ ಕೈಗಳಿಂದ ಸ್ಟೀರಿಂಗ್ ಹಿಡಿದು ಎದುರಿಗೇ ನೋಡುತ್ತಿದ್ದರು. ಹಮದ್ ಫೋನನ್ನು ಕಿಸೆಗೆ ಹಾಕಿ, ತನ್ನ ದೊಡ್ಡ ಬಿಳಿ ಜಪಾನಿ ಗಾಡಿಯನ್ನು ರಿವರ್ಸಿನಲ್ಲಿ ತಂದು ಪ್ಲಿಮತ್ತಿನ ಮುಂದೆ ನಿಲ್ಲಿಸಿದ.

ಒಂಟೆಗಳಿಗೆ ಕಟ್ಟುವ ದಪ್ಪ ಹಗ್ಗ ಸಿಕ್ಕಿತು. ಅದನ್ನು ಕಟ್ಟುವಾಗ ಮಾತ್ರ ನಾನು ಯಾರ ಮಾತೂ ಕೇಳಲಿಲ್ಲ, ಕುರ್ಚಿ ಬಿಟ್ಟು ಎದ್ದು ನನ್ನ ಕೈಯಾರೆ ಗಂಟು ಹಾಕಿದೆ. ಗಂಟು ಹಾಕುವುದಕ್ಕೆ ವೀಸಾ ಬೇಕೆಂದು ಎಲ್ಲಿಯೂ ಬರೆದಿರಲಾರದು.

"ನೋಡಿ ಆಚಾರ್ರೆ," ಸಾಹೇಬರು ಹಿಂದಿನ ಸೀಟಿಗೆ ಹತ್ತುತ್ತಾ ಹೇಳಿದರು, "ಅಮೆರಿಕವನ್ನು ಜಪಾನ್ ಎಳೀತಾ ಉಂಟು. ಈಗ ಎಲ್ಲಾ ಕಡೆ ಇದೇ ಕತೆ."

ನಾನು ಮುಂದಿನ ಸೀಟಿನಲ್ಲಿ, ಮುದುಕರ ಪಕ್ಕ. ಗೇರನ್ನು ನ್ಯೂಟ್ರಲ್ಲಿಗೆ ತಂದೆವು. ಅವರು ಕಿಟಕಿಯಿಂದ ತಲೆ ಹಾಕಿ, "ಯಲ್ಲಾ!" ಎಂದರು, ಅಂದರೆ ಹೊರಡು.

ಹಗ್ಗ ಮರಳಿನಿಂದ ಎದ್ದು ಬಿಗಿಯಾಯಿತು. ಗಾಡಿ ಒಮ್ಮೆ ನರಳಿತು, ಆಮೇಲೆ ಹೊರಟಿತು. ಎಂಜಿನ್ನಿನ ಸದ್ದಿಲ್ಲ. ಟೈರಿನ ಕೆಳಗೆ ಮರಳು ಸರಿಯುವ ಸದ್ದು, ಹಳೆಯ ಸೀಟಿನ ಸ್ಪ್ರಿಂಗ್ ಸದ್ದು, ಅಷ್ಟೇ. ಬದುಕಿಡೀ ಎಂಜಿನ್ನಿನ ಸದ್ದು ಕೇಳಿ ರೋಗ ಹೇಳಿದವನಿಗೆ ಇಷ್ಟು ಸುಮ್ಮನೆ ಚಲಿಸುವ ಗಾಡಿ ಹೊಸತು. ದೋಣಿಯಲ್ಲಿ ಕೂತ ಹಾಗಿತ್ತು.

ಮೊದಲ ಸ್ವಲ್ಪ ದೂರ ಅಬು ಹಮದರ ಹೆಗಲು ಕಲ್ಲಾಗಿತ್ತು. ಹಗ್ಗ ಜೋಲುಬಿದ್ದರೆ ನಾನು ಹೇಳುವ ಮೊದಲೇ ಅವರ ಬರಿಗಾಲು ಪೆಡಲ್ ಮೇಲೆ. ಒಮ್ಮೆ ಜೋರಾಗಿ ತುಳಿದರು, ಮೂವರೂ ಮುಂದಕ್ಕೆ ಬಾಗಿದೆವು, ಸಾಹೇಬರ ಟೊಪ್ಪಿ ನನ್ನ ಮಡಿಲಿಗೆ ಬಿತ್ತು. ಅದಾದ ಮೇಲೆ ಅವರಿಗೆ ಬ್ರೇಕಿನ ಹದ ಸಿಕ್ಕಿತು. ನನಗೆ ಇನ್ನು ಹೇಳಲು ಏನೂ ಉಳಿಯಲಿಲ್ಲ. ಖರ್ಜೂರದ ಸಾಲು ಎರಡೂ ಕಡೆ ಹಿಂದೆ ಸರಿಯಿತು, ಅವರಿಗೆ ಅದು ಕಾಣುವುದಿಲ್ಲ, ಆದರೆ ಎಲ್ಲಿ ಯಾವ ಮರ ಎಂದು ನೆನಪಿತ್ತು. "ಇಲ್ಲಿ ಬಾವಿ ಇತ್ತು" ಎಂದರು. "ಇಲ್ಲಿ ಹಮದ್ ಬಿದ್ದು ಹಲ್ಲು ಮುರಿದುಕೊಂಡ" ಎಂದರು. ಇಲ್ಲಿ ಡ್ರೈವರ್ ಕೂರುವುದು ಎಡಗಡೆ, ಅವರ ಎಡ ಮೊಣಕೈ ಮೆಲ್ಲಗೆ ಕಿಟಕಿಯ ಮೇಲೆ ಬಂತು. ಹಳೆಯ ಡ್ರೈವರುಗಳು ಕೂರುವುದೇ ಹಾಗೆ.

ದಾರಿಯ ಕೊನೆ ಹತ್ತಿರವಾಯಿತು. ಅಲ್ಲಿ ಬಲಕ್ಕೆ ಹೊರಳಿದರೆ ಹೊಸ ಶೆಡ್. ಎಡಕ್ಕೆ ಹೊರಳಿದರೆ ತೋಟವನ್ನು ಬಳಸಿ ಹೊರಗಿನ ಮರಳಿನ ಕಡೆಗೆ ಹೋಗುವ ದಾರಿ. ಮುಂದೆ ಹಮದನ ಗಾಡಿಯ ಬಲಗಡೆಯ ದೀಪ ಮಿನುಗತೊಡಗಿತು. ಮುದುಕರಿಗೆ ಅದು ಕಂಡಿತೋ, ದಾರಿಯ ಅಂದಾಜಿನಲ್ಲೇ ಗೊತ್ತಾಯಿತೋ, ಹೇಳಲಾರೆ. ಅವರು ಕಿಟಕಿಯ ಮೇಲಿದ್ದ ಎಡಗೈಯನ್ನು ಹೊರಗೆ ಉದ್ದಕ್ಕೆ ಚಾಚಿದರು. ನಮ್ಮ ಕಾಲದಲ್ಲಿ ಡ್ರೈವರುಗಳು ಹೊರಳುವಾಗ ಹಾಗೆ ಕೈ ತೋರಿಸುತ್ತಿದ್ದರು. ನಮ್ಮ ಹಿಂದೆ ಗಾಡಿ ಯಾವುದೂ ಇರಲಿಲ್ಲ. ಕೈ ನೆಟ್ಟಗೆ ಎಡಕ್ಕೆ ನಿಂತೇ ಇತ್ತು.

ಮುಂದಿನ ಗಾಡಿ ನಿಧಾನವಾಯಿತು, ಹಗ್ಗ ಸಡಿಲವಾಯಿತು, ಇವರು ಬ್ರೇಕ್ ಒತ್ತಿದರು. ಕನ್ನಡಿಯಲ್ಲಿ ಹಮದನ ಕಣ್ಣು ನಮ್ಮ ಕಡೆಗಿತ್ತು.

ಬಲಗಡೆಯ ದೀಪ ಆರಿತು. ಸ್ವಲ್ಪ ಹೊತ್ತು ಯಾವ ದೀಪವೂ ಇಲ್ಲ. ಮತ್ತೆ ಎಡಗಡೆಯದು ಮಿನುಗಿತು.